ಮುಂದಿನ ಕೋಣೆಯ ಕಾರ್ ಸೀಟು

ನಮ್ಮ ಮನೆಯಲ್ಲಿ ಕುರ್ಚಿ ಇರಲಿಲ್ಲ, ಕಾರಿನ ಸೀಟಿತ್ತು. ಕೆಜಿಎಫ್ ಚಿನ್ನದ ಗಣಿಯವರು ಕೂಲಿಗಳಿಗೆಂದು ಸಾಲಾಗಿ ಕಟ್ಟಿಸಿದ ಉರಿಗಾಂನ ಲೈನ್ ಮನೆಗಳಲ್ಲಿ ನಮ್ಮದು ಕೊನೆಯಿಂದ ಎರಡನೆಯದು. ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ, ಮೇಲೆ ತಗಡು. ಮುಂದಿನ ಕೋಣೆಯ ಅರ್ಧ ಜಾಗವನ್ನು ಆ ಸೀಟೇ ನುಂಗಿ ಕೂತಿತ್ತು. ಕಂದು ರೆಕ್ಸಿನ್ ಹೊದಿಸಿದ, ಮೂರು ಜನ ಆರಾಮಾಗಿ ಕೂರಬಹುದಾದ ಹಿಂಬದಿ ಸೀಟು. ಮನೆಗೆ ಬಂದವರು ಮೊದಲು ನಗುತ್ತಿದ್ದರು, ಆಮೇಲೆ ಕೂತು ಒಂದೆರಡು ಸಲ ಮೇಲೆ ಕೆಳಗೆ ಆಡಿ ನೋಡುತ್ತಿದ್ದರು. ಅದು ಅಪ್ಪ ಮಲಗುವ ಜಾಗ ಎಂದು ಗೊತ್ತಾದ ಮೇಲೆ ಮೆಲ್ಲಗೆ ಎದ್ದು ಚಾಪೆಗೆ ಬರುತ್ತಿದ್ದರು. ಅಪ್ಪನಿಗೆ ಬೆನ್ನು ನೆಲಕ್ಕೆ ಹಚ್ಚಿದರೆ ಉಸಿರು ಸಿಗುತ್ತಿರಲಿಲ್ಲ. ಕೂತೇ ನಿದ್ದೆ, ಕೂತೇ ಊಟ, ಕೂತೇ ಕೆಮ್ಮು. ಆ ಸೀಟು ಮನೆಯೊಳಗೆ ಹೇಗೆ ಬಂತು, ಬಂದದ್ದು ಯಾಕೆ ಮತ್ತೆ ಹೊರಗೆ ಹೋಗಲಿಲ್ಲ ಎಂಬುದನ್ನು ಅಮ್ಮ ಒಂದು ಥರ ಹೇಳುತ್ತಾಳೆ. ಅಮ್ಮ ಹೇಳುವುದರಲ್ಲಿ ನಾನು ಎಲ್ಲೂ ಬರುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಗಣಿ ನಡೆಯುತ್ತಿದ್ದಾಗ ಅಪ್ಪನ ಕೆಲಸ ಚಿನ್ನ ಅಗೆಯುವುದಲ್ಲ, ಗಾಳಿ ಕಾಯುವುದು. ನೆಲದ ಕೆಳಗೆ ಸುರಂಗಗಳ ನಡುವೆ ಮರದ ದೊಡ್ಡ ಬಾಗಿಲುಗಳಿದ್ದವಂತೆ. ಒಂದನ್ನು ತೆಗೆದು ಇನ್ನೊಂದನ್ನು ಮುಚ್ಚಿದರೆ ಮೇಲಿಂದ ಬರುವ ಗಾಳಿ ದಾರಿ ತಿರುಗಿಸಿಕೊಂಡು ಜನ ಕೆಲಸ ಮಾಡುವ ಕಡೆಗೆ ಹೋಗುತ್ತಿತ್ತು. ಎಲ್ಲಿ ಗಾಳಿ ಸತ್ತಿದೆಯೋ ಅಲ್ಲಿ ಮನುಷ್ಯ ಸುತ್ತಿಗೆ ಎತ್ತಲಾರ, ಬಾಗಿಲು ತೆಗೆದ ಐದು ನಿಮಿಷಕ್ಕೆ ಅದೇ ಮನುಷ್ಯ ಎದ್ದು ನಿಂತು ಬೀಡಿ ಕೇಳುತ್ತಾನೆ. ಇದನ್ನು ಅಪ್ಪ ಎಷ್ಟು ಸಲ ಹೇಳಿದ್ದನೆಂದರೆ ನನಗೆ ಬಾಯಿಪಾಠವಾಗಿತ್ತು. ಅವನಿಗೆ ದೇವರಿಗಿಂತ ಗಾಳಿಯ ಮೇಲೆ ನಂಬಿಕೆ ಜಾಸ್ತಿ. ಧೂಳಿಗೆ ಅಂತ ಗಣಿಯವರು ಮೂತಿಗೆ ಕಟ್ಟಿಕೊಳ್ಳುವ ಮಾಸ್ಕ್ ಕೊಟ್ಟಿದ್ದರು. ಅದನ್ನು ಕಟ್ಟಿಕೊಂಡರೆ ಉಸಿರು ಕಟ್ಟುತ್ತದೆ ಎಂದು ಅಪ್ಪ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಗಣಿ ಮುಚ್ಚುವ ಹೊತ್ತಿಗೆ ಅವನ ಎದೆಯೊಳಗೆ ಏನು ತುಂಬಿತ್ತೋ, ಅದು ಜೀವ ಇರುವ ತನಕ ಹೊರಗೆ ಬರಲಿಲ್ಲ.

ಗಣಿ ಮುಚ್ಚಿದಾಗ ಕೊಟ್ಟ ಹಣದಲ್ಲಿ ಎರಡು ಸೀಮೆ ಹಸು ತಗೋಬೇಕು, ತವರೂರು ಬೇತಮಂಗಲಕ್ಕೆ ಹೋಗಿ ಇರಬೇಕು ಎಂದು ಅಮ್ಮ ಲೆಕ್ಕ ಹಾಕಿಕೊಂಡಿದ್ದಳು. ಒಂದು ಮಧ್ಯಾಹ್ನ ಲೈನಿನ ಸಂದಿಯಲ್ಲಿ, ಎರಡೂ ಕಡೆಯ ಜನ ಒಣಗಲು ಹಾಕಿದ ಬಟ್ಟೆ ಎತ್ತಿ ಹಿಡಿದು ದಾರಿ ಬಿಡುತ್ತಿರಲು, ಅಪ್ಪ ಒಂದು ಬಿಳೀ ಕಾಂಟೆಸಾ ಕಾರು ಓಡಿಸಿಕೊಂಡು ಬಂದ. ಬಂಗಲೆಯ ಸಾಹೇಬರೊಬ್ಬರು ಊರು ಬಿಡುವಾಗ ಮಾರಿ ಹೋದ ಗಾಡಿ. ಉದ್ದ ಮೂತಿ, ಅಗಲ ಬೆನ್ನು. ನಮ್ಮ ಮನೆಗಿಂತ ಅದೇ ಉದ್ದವಿತ್ತು, ಸುಳ್ಳಲ್ಲ, ನಾನು ಹೆಜ್ಜೆ ಹಾಕಿ ಅಳೆದಿದ್ದೆ. ಅಮ್ಮ ಹೊಸ್ತಿಲಲ್ಲಿ ನಿಂತು ನೋಡಿದಳು, ಒಳಗೆ ಹೋದಳು, ಅವತ್ತು ಮುದ್ದೆ ಕೋಲು ಪಾತ್ರೆಗೆ ಬಡಿಯುವ ಸದ್ದು ಸಂದಿಯ ಆ ತುದಿಗೂ ಕೇಳಿಸಿರಬೇಕು. ಎರಡು ದಿನ ಮನೆಯಲ್ಲಿ ಸಾರಿಗೆ ಉಪ್ಪಿರಲಿಲ್ಲ. ಕೇಳುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ, ಹಾಗೇ ಉಂಡೆವು.

ಆದರೆ ಅಪ್ಪ ತೀರಾ ಹುಚ್ಚನಾಗಿರಲಿಲ್ಲ. ಬಂಗಾರಪೇಟೆಯಲ್ಲಿ ಬಾಡಿಗೆಗಿದ್ದು ಕೆಜಿಎಫ್‌ನ ಕಾರ್ಖಾನೆಗೆ ಬರುತ್ತಿದ್ದ ಐದು ಜನ ಸ್ಟಾಫಿನವರಿದ್ದರು. ಅವರನ್ನು ಬೆಳಿಗ್ಗೆ ಕರೆತಂದು ಸಂಜೆ ಬಿಡುವುದಕ್ಕೆ ಒಂದು ಗಾಡಿ ಬೇಕಿತ್ತು. ಅವರ ಪೈಕಿ ದೊಡ್ಡವರು ಪಾಟೀಲರು, ವಿಜಾಪುರದ ಕಡೆಯವರು. ಗಾಡಿ ನೋಡಿ ಖುಷಿಪಟ್ಟರಂತೆ. ಗಾಡಿ ಬಂದ ಮೂರನೇ ವಾರ, ಮೊದಲ ದಿನ ಐವರನ್ನೂ ತುಂಬಿಕೊಂಡು ಹೊರಟಾಗ ದಾರಿಯ ಏರಿನಲ್ಲಿ ಗಾಡಿ ಏದುಸಿರು ಬಿಡತೊಡಗಿತು. ಮೈ ದೊಡ್ಡದು, ಒಳಗಿದ್ದ ಎಂಜಿನ್ ಚಿಕ್ಕದು, ಅದೂ ಮುದಿ. ಹಿಂದೆ ಬಂದ ಬಸ್ಸು, ಹಾಲಿನ ವ್ಯಾನು, ಕೊನೆಗೆ ಟಿವಿಎಸ್ ಏರಿದ ಮುದುಕನೊಬ್ಬ, ಎಲ್ಲರೂ ಮುಂದೆ ಹೋದರು. ಗೇಟಿಗೆ ಮುಟ್ಟುವ ಹೊತ್ತಿಗೆ ಸೈರನ್ ಕೂಗಿ ಆಗಿತ್ತು. ಪಾಟೀಲರು ಬೈಯಲಿಲ್ಲ. ಮುಂದಿನ ತಿಂಗಳು ಒಂದನೇ ತಾರೀಖಿನ ತನಕ ಕಾಯುತ್ತೇವೆ, ಅಷ್ಟರಲ್ಲಿ ಎಂಜಿನ್ನಿಗೆ ಏನಾದರೂ ಮಾಡಿಸಿ, ಸೈರನ್ನಿಗೆ ಮುಂಚೆ ಮುಟ್ಟಿಸಿದರೆ ಬಾಡಿಗೆ ನಿಮ್ಮದೇ ಎಂದರು. ಅದು ತಪ್ಪಿದರೆ ಅಪ್ಪನಿಗೆ ಬೇರೆ ಕೆಲಸವಿಲ್ಲ. ಮೂಟೆ ಹೊರುವ ಎದೆಯಲ್ಲ ಅದು. ಕೂತು ಮಾಡುವ ಕೆಲಸ ಅಂತ ಅವನಿಗೆ ಬರುತ್ತಿದ್ದದ್ದು ಸ್ಟೀರಿಂಗ್ ಹಿಡಿಯುವುದೊಂದೇ.

ಇಲ್ಲಿ ನನ್ನ ಪಾತ್ರ ಹೇಳಬೇಕು. ಗಾಡಿ ಬಂದ ದಿನದಿಂದಲೇ ಅದರ ಏರ್ ಫಿಲ್ಟರ್ ಚೊಕ್ಕ ಮಾಡುವುದು ನನ್ನ ಕೆಲಸವಾಗಿತ್ತು. ಅಮ್ಮ ಹಾಕಿದ ಕಟ್ಟಳೆ ಅದು. ನಮ್ಮ ಲೈನಿನ ಹಿಂದೆಯೇ ಸೈನೈಡ್ ಗುಡ್ಡ. ಗುಡ್ಡವೆಂದರೆ ಗುಡ್ಡವಲ್ಲ, ಸೈನೈಡ್ ಬೆರೆಸಿ ಚಿನ್ನ ಹಿಂಡಿದ ಮೇಲೆ ಉಳಿದ ಕಲ್ಲಿನ ಪುಡಿಯನ್ನು ನೂರು ವರ್ಷ ಸುರಿದು ಎದ್ದ ದಿಬ್ಬ. ಗಾಳಿ ಬೀಸಿದರೆ ಆ ಬೂದು ಪುಡಿ ತಟ್ಟೆಯಲ್ಲಿ, ಹಾಸಿಗೆಯಲ್ಲಿ, ಹಲ್ಲಿನ ಸಂದಿಯಲ್ಲಿ. ಎಂಜಿನ್ನಿಗೆ ಗಾಳಿ ಹೋಗುವ ಬಾಯಿಗೆ ಕಾಗದದ ಮಡಿಕೆಗಳ ದುಂಡನೆಯ ಫಿಲ್ಟರ್ ಇರುತ್ತದೆ. ಪುಡಿಯೆಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು. ದಿನಾ ಅದನ್ನು ತೆಗೆದು ಕಲ್ಲಿಗೆ ಮೆತ್ತಗೆ ಕುಟ್ಟಿ ಉದುರಿಸಬೇಕು. ಅಪ್ಪ ಕುಟ್ಟಿದರೆ ಎದೆಗೆ ಹೋಗುತ್ತದೆ ಅಂತ ನನ್ನ ಕೈಗೆ ಬಂತು. ಆಗ ನನಗೆ ಹನ್ನೊಂದು. ಕುಟ್ಟಿದರೆ ಮುಖ, ಜಡೆ, ಹುಬ್ಬು ಎಲ್ಲ ಬೂದು. ಶಾಲೆಯ ಹುಡುಗಿಯರು ನನಗೆ ಹಿಟ್ಟಿನ ಗಿರಣಿ ಎಂದು ಹೆಸರಿಟ್ಟಿದ್ದರು. ನಾಲ್ಕು ದಿನ ಸಹಿಸಿದೆ. ಐದನೇ ದಿನ ಅಮ್ಮ ಕಾಣದಂತೆ ಬೀದಿ ನಲ್ಲಿಯ ಕೆಳಗೆ ಹಿಡಿದು ತೊಳೆದೆ. ಬೂದು ನೀರು ಹರಿದು ಹೋಯಿತು, ಮೇಲೆ ನೋಡಿದರೆ ಫಳಫಳ. ಬಿಸಿಲಿಗಿಟ್ಟು ಒಣಗಿಸಿ ತಂದುಕೊಟ್ಟೆ. ಧೂಳಿಲ್ಲ, ಕೆಮ್ಮಿಲ್ಲ, ಜಡೆ ಕಪ್ಪಗೇ ಇತ್ತು. ಅಪ್ಪ ತಿರುಗಿಸಿ ನೋಡಿ ಭೇಷ್ ಎಂದ. ಆ ಒಂದು ಮಾತಿಗೆ ನಾನು ಪ್ರತಿದಿನ ತೊಳೆದೆ. ಮಡಿಕೆಯ ಒಳಗೆ ಉಳಿದ ಪುಡಿ ನೀರು ಕುಡಿದು ಕೆಸರಾಗಿ, ಒಣಗಿ ಗಾರೆಯಾಗುತ್ತಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಾಗುವಷ್ಟು ಹತ್ತಿರದಿಂದ ನೋಡಲೂ ಇಲ್ಲ.

ದಾಸಣ್ಣನ ಶೆಡ್ಡು ಬಂಗಾರಪೇಟೆಯಲ್ಲಿ, ರೈಲ್ವೆ ಗೇಟಿನ ಹತ್ತಿರ. ಹಿಂದೆ ಗಣಿಯ ವರ್ಕ್‌ಶಾಪಿನಲ್ಲಿದ್ದವನು, ಅಪ್ಪನ ಸ್ನೇಹಿತ. ಮನೆಯಲ್ಲಿ ತಮಿಳು, ನಮ್ಮೊಂದಿಗೆ ಕನ್ನಡ, ಗಾಡಿ ಬಯ್ಯುವಾಗ ತೆಲುಗು. ಭಾನುವಾರ ಅಪ್ಪ ನನ್ನನ್ನೂ ಕರೆದುಕೊಂಡು ಹೋಗಿದ್ದ. ಕಡಿಮೆ ಖರ್ಚಿನಲ್ಲಿ ಈ ಮುದಿ ಎಂಜಿನ್ನಿಗೆ ಬಲ ಬರಿಸುವುದು ಹೇಗೆ ಎಂಬುದು ಪ್ರಶ್ನೆ. ಡೀಸೆಲ್ ಎಂಜಿನ್ ಕೂರಿಸುವವರೇ ಹೆಚ್ಚು, ಅದು ನಮ್ಮ ಕೈಗೆ ಎಟುಕದು ಎಂದು ದಾಸಣ್ಣ ಮೊದಲೇ ತಳ್ಳಿಹಾಕಿದ. ಆಮೇಲೆ ಸೀಮೆಸುಣ್ಣ ತಗೊಂಡು ಎಣ್ಣೆ ಕುಡಿದ ಸಿಮೆಂಟ್ ನೆಲದ ಮೇಲೆ ಒಂದರ ಕೆಳಗೊಂದು ಬರೆದ. ಹೊಸ ಫಿಲ್ಟರ್. ಕಿಡಿ ಹೊತ್ತಿಸುವ ಪ್ಲಗ್ಗು, ಪಾಯಿಂಟು. ಕಾರ್ಬೊರೇಟರ್ ಬಿಚ್ಚಿ ತೊಳೆಯುವುದು. ಅಗಲದ ಸೈಲೆನ್ಸರ್ ಪೈಪು. ಎಲ್ಲಕ್ಕಿಂತ ಕೆಳಗೆ, ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಲೇತಿನಲ್ಲಿ ಕೂದಲಷ್ಟು ತೆಳ್ಳಗೆ ಸವರಿಸಿ ಒತ್ತಡ ಜಾಸ್ತಿ ಮಾಡುವುದು. ಕಡಿಮೆ ಖರ್ಚಿನದು ಮೇಲೆ, ಜಾಸ್ತಿಯದು ಕೆಳಗೆ ಬರೆದಿದ್ದೀನಿ, ಮೇಲಿಂದಲೇ ಶುರು ಮಾಡು ಎಂದ.

"ಒಸ ಬಲ ಆಮೇಲೆ ಅಣ್ಣಾ. ಮೊದ್ಲು ಇದ್ದ ಬಲ ಎಲ್ಲೋಯ್ತು ನೋಡಣ."

ಅಪ್ಪ ಬಗ್ಗಿ ನೋಡಿದ. ಚಪ್ಪಲಿ ಕಾಲಿನಿಂದ ಮೊದಲ ಸಾಲನ್ನು ಉಜ್ಜಿ ಅಳಿಸಿದ.

"ಇದು ಬ್ಯಾಡ ಬಿಡು ದಾಸು. ನಮ್ ಮಗ್ಳು ದಿನಾ ಕಿಲೀನ್ ಮಾಡ್ತಾಳೆ. ಕನ್ನಡಿ ಇದ್ದಂಗೈತೆ."

ದಾಸಣ್ಣ ನನ್ನ ಕಡೆ ನೋಡಿ ತಲೆಯಾಡಿಸಿದ, ಮೆಚ್ಚಿಗೆಯಿಂದಲೇ. ಕಲ್ಲಿಗೆ ಕುಟ್ಟುತ್ತೀಯಲ್ಲಮ್ಮಾ ಎಂದು ಕೇಳಿದ. ನಾನು ಹೂಂ ಎಂದೆ. ಅಷ್ಟೇ. ತೊಳೀತೀನಿ ಎಂದಿದ್ದರೆ ಅವನು ಅಲ್ಲೇ ತಲೆ ಚಚ್ಚಿಕೊಳ್ಳುತ್ತಿದ್ದ, ಅಂಗಡಿಯಿಂದ ಹೊಸದು ತರಿಸುತ್ತಿದ್ದ, ಕಥೆ ಮುಗಿಯುತ್ತಿತ್ತು. ಆದರೆ ಹೊಗಳಿಸಿಕೊಂಡ ಬಾಯಿ ಅಷ್ಟು ಸುಲಭಕ್ಕೆ ತೆರೆಯುವುದಿಲ್ಲ. ನಾನೀಗ ಬಂಗಾರಪೇಟೆಯ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಸೋಸುವ ಬಟ್ಟೆಯನ್ನು ಮೂರು ಸಲ ಬೆಳಕಿಗೆ ಹಿಡಿದು ನೋಡುತ್ತೇನೆ, ಜೊತೆಯವರು ಇವಳದ್ದೊಂದು ಅತಿ ಎನ್ನುತ್ತಾರೆ. ಯಾರಾದರೂ ಇವಳು ಮಾಡಿದರೆ ನೋಡುವ ಹಾಗೇ ಇಲ್ಲ, ಅಷ್ಟು ಚೊಕ್ಕ ಎಂದರೆ ನಾಲ್ಕನೇ ಸಲವೂ ಹಿಡಿದು ನೋಡುತ್ತೇನೆ.

ಉಳಿದ ನಾಲ್ಕರಲ್ಲಿ ಯಾವುದು ಎಂದು ಆ ವಾರವೆಲ್ಲ ಮನೆಯಲ್ಲಿ ಜಗಳ. ಯಾವುದಾದರೂ ಒಂದೇ ಒಂದು ಎಂದು ಅಮ್ಮ ಹೇಳಿಬಿಟ್ಟಿದ್ದಳು, ಉಳಿದದ್ದು ಮನೆ ನಡೆಸಲು ಬೇಕು. ಊಟಕ್ಕೆ ಕೂತರೆ ಅಪ್ಪ ಬೆರಳಲ್ಲಿ ಸಾರು ಅದ್ದಿ ತಟ್ಟೆಯ ಅಂಚಿನಲ್ಲಿ ಹೆಡ್ಡಿನ ಚಿತ್ರ ಬಿಡಿಸುತ್ತಿದ್ದ. ಅಮ್ಮ ಆ ಚಿತ್ರದ ಮೇಲೆಯೇ ಇನ್ನೊಂದು ಸೌಟು ಸಾರು ಸುರಿಯುತ್ತಿದ್ದಳು. ಪ್ಲಗ್ಗು ಪಾಯಿಂಟು ಚಿಲ್ಲರೆ ಕೆಲಸ, ಬಲ ಅಂದರೆ ಹೆಡ್ಡೇ ಎಂದು ಅಪ್ಪ ಹಟ ಹಿಡಿದ. ಜೊತೆಗೆ ಖರ್ಚಿಲ್ಲದ ಒಂದು ಉಪಾಯವನ್ನು ತಾನೇ ಹುಡುಕಿದ, ಭಾರ ಇಳಿಸುವುದು. ಡಿಕ್ಕಿಯ ಹಲಗೆ, ನೆಲಹಾಸು, ಸಾಹೇಬರು ಹಾಕಿಸಿದ್ದ ದೊಡ್ಡ ಸ್ಪೀಕರ್ ಪೆಟ್ಟಿಗೆ, ಎಲ್ಲ ಕಿತ್ತ. ಕೀಳುವಾಗ ಅಡ್ಡ ಬರುತ್ತದೆಂದು ಹಿಂದಿನ ಸೀಟನ್ನೂ ಬಿಚ್ಚಿ ಮುಂದಿನ ಕೋಣೆಯಲ್ಲಿಟ್ಟ. ಮಧ್ಯಾಹ್ನ ದಣಿದು ಅದರ ಮೇಲೆ ಒರಗಿದವನು ಸಂಜೆಯ ತನಕ ಏಳಲಿಲ್ಲ. ಅಮ್ಮ ಹೆದರಿ ಮೂಗಿನ ಹತ್ತಿರ ಕೈ ಹಿಡಿದು ನೋಡಿದಳು. ನಿದ್ದೆ, ಬರೀ ನಿದ್ದೆ. ಗೊರಕೆಯೂ ಇಲ್ಲದ, ಕೆಮ್ಮಿಲ್ಲದ ನಿದ್ದೆ. ಅಂಥದ್ದನ್ನು ನಾವು ಒಂದು ವರ್ಷದಿಂದ ನೋಡಿರಲಿಲ್ಲ. ಅವತ್ತು ಅಮ್ಮ ಹೆಡ್ಡಿನ ಕೆಲಸಕ್ಕೆ ಒಪ್ಪಿದಳು. ಕೇಳದೆಯೇ, ಒಗ್ಗರಣೆ ಹಾಕುತ್ತಾ, ಮಾಡಿಸ್ಕೊ ಹೋಗು ಎಂದಳು.

ಫಿಲ್ಟರ್ ಚೊಕ್ಕವಿದೆಯೆಂದು ಅದರ ಡಬ್ಬಿಯನ್ನು ತೆರೆಯದೆ ಬದಿಗಿಟ್ಟು ದಾಸಣ್ಣ ಹೆಡ್ಡು ಸವರಿಸಿ ಕೂರಿಸಿದರೂ ಗಾಡಿಗೆ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಸದ್ದು ಸ್ವಲ್ಪ ಗಟ್ಟಿಯಾಯಿತು, ಏರಿನಲ್ಲಿ ಅದೇ ಹಾಡು. ಒಂದನೇ ತಾರೀಖಿಗೆ ಎರಡು ದಿನ ಇತ್ತು. ಅಪ್ಪ ಮನೆ ಮುಂದೆ ಬಾನೆಟ್ ಎತ್ತಿ ನಿಂತು ಎಂಜಿನ್ ಚಾಲೂ ಮಾಡಿ ಕಿವಿಗೊಟ್ಟು ಕೇಳಿದ. ಆಮೇಲೆ, ಅವನೇನು ಯೋಚನೆ ಮಾಡಿದನೋ ನನಗೆ ಈಗ ಚೆನ್ನಾಗಿ ಅರ್ಥವಾಗುತ್ತದೆ, ಫಿಲ್ಟರಿನ ಡಬ್ಬಿಯ ಮುಚ್ಚಳ ಬಿಚ್ಚಿ ಫಿಲ್ಟರನ್ನು ಎತ್ತಿಟ್ಟ. ಎಂಜಿನ್ ಒಂದು ಸಲ ಬಿಕ್ಕಿ, ಗುಡುಗಿತು. ಇಡೀ ಲೈನು ಹೊರಗೆ ಬಂತು. ನನ್ನನ್ನೂ ಅಮ್ಮನನ್ನೂ ಮುಂದೆ ಕೂರಿಸಿಕೊಂಡು ಮಾರಿಕುಪ್ಪಂ ಸ್ಟೇಷನ್ನಿನ ತನಕ ಒಂದೇ ಉಸಿರಿಗೆ ಹೊಡೆದ. ಬೆನ್ನು ಸೀಟಿಗೆ ಅಂಟಿಕೊಂಡಿತ್ತು. ಅಪ್ಪ ನಗುತ್ತಿದ್ದ, ಕಣ್ಣಲ್ಲಿ ನೀರಿತ್ತು, ಗಣಿಯೊಳಗೆ ಗಾಳಿಯ ಬಾಗಿಲು ತೆಗೆದಂತೆಯೇ ಆಯಿತು ನೋಡು ಎಂದು ಮತ್ತೆ ಮತ್ತೆ ಹೇಳಿದ. ಉಸಿರು ಕಟ್ಟಿತ್ತು ಪಾಪ ಅದಕ್ಕೆ, ಯಾರಿಗೂ ಹೊಳೆಯಲಿಲ್ಲ. ಇನ್ನು ಮೇಲೆ ಫಿಲ್ಟರ್ ಹಾಕುವುದೇ ಇಲ್ಲ ಎಂದ. ಅದೇ ಫಿಲ್ಟರು ಸೀಟಿನ ಕೆಳಗೆ ನನ್ನ ಕಾಲ ಹತ್ತಿರ ಬಿದ್ದಿತ್ತು. ಅದೇ ಮುಚ್ಚಿಕೊಂಡಿತ್ತೇನೋ ಎಂದು ಆಗ ಮೊದಲ ಸಲ ನನಗೆ ಚುರುಕ್ಕೆಂದಿತು. ಜೊತೆಗೇ, ಅಬ್ಬಾ, ಇನ್ನು ತೊಳೆಯುವ ಕೆಲಸವೂ ಇಲ್ಲ ಎಂಬ ಸಂತೋಷವೂ ಆಯಿತು. ಎರಡೂ ಒಟ್ಟಿಗೇ ಆದವು, ನಾನು ಫಿಲ್ಟರನ್ನು ಹಿಮ್ಮಡಿಯಿಂದ ಇನ್ನಷ್ಟು ಒಳಕ್ಕೆ ತಳ್ಳಿದೆ.

ಅಮ್ಮ ಅವತ್ತು ಊಟಕ್ಕೆ ಬಡಿಸುವಾಗ ಒಂದೇ ಮಾತು ಅಂದಳು.

"ನೀನೂ ಇಂಗೇ ಅಲ್ವಾ ಮಾಸ್ಕ್ ತೆಗ್ದು ಜೇಬಿಗಾಕ್ಕೊಂಡಿದ್ದು."

ಅಪ್ಪ ತುತ್ತು ಕೈಯಲ್ಲಿ ಹಿಡಿದು ಅವಳನ್ನು ನೋಡಿದ. ಸಿಟ್ಟು ಬರಲಿಲ್ಲ ಅವನಿಗೆ.

"ಗಾಳಿ ಇಲ್ದೆ ಯಾವ್ದೂ ಬದ್ಕಲ್ಲ ಕಣೇ ರತ್ನಾ."

ಒಂದನೇ ತಾರೀಖು ಸೀಟನ್ನು ಎತ್ತಿ ಗಾಡಿಗೆ ಕೂರಿಸಿದೆವು. ಸೈರನ್ನಿಗೆ ಎಂಟು ನಿಮಿಷ ಮುಂಚೆ ಕಾರ್ಖಾನೆಯ ಗೇಟು. ಪಾಟೀಲರು ಇಳಿದು, ಗಾಡಿಯ ಮೂತಿ ತಟ್ಟಿ, "ಭಾರಿ ಆತ್ರಿ, ಹಿಂಗ ನಡೀಲಿ" ಎಂದರಂತೆ. ಅದನ್ನು ಅಪ್ಪ ಅವರ ಧಾಟಿಯಲ್ಲೇ ಹೇಳಿ ತೋರಿಸಿದ. ಆಮೇಲಿನ ಎರಡು ತಿಂಗಳು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೆದರಲಿಲ್ಲ. ಭಾನುವಾರ ಕೋಳಿ ಸಾರು. ಅಮ್ಮ ಹಸುವಿನ ಮಾತು ಮರೆತಳು. ಅಪ್ಪ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಹೊರಡುವಾಗ ಲೈನಿನವರು ಬಾಗಿಲಿಗೆ ಬಂದು ನೋಡುತ್ತಿದ್ದರು, ಅವನು ನೋಡದವನ ಹಾಗೆ ಹೋಗುತ್ತಿದ್ದ. ಒಂದೇ ಕೊರತೆ, ಅವನ ನಿದ್ದೆ. ಸೀಟು ಗಾಡಿಗೆ ಹೋದ ಮೇಲೆ ಮತ್ತೆ ಗೋಡೆಗೆ ರಾಗಿ ಮೂಟೆ ಇಟ್ಟು ಒರಗುವುದು, ಕೆಮ್ಮುವುದು. ಸಂಜೆ ಸಂಜೆ ಸೀಟು ಬಿಚ್ಚಿ ತರೋಣ ಎಂದು ಅಮ್ಮ ಹೇಳಿದಳು. ಬೋಲ್ಟು ಸಡಿಲಾಗುತ್ತದೆ, ಪಾಟೀಲರು ಕೂರುವ ಜಾಗ ಎಂದು ಅಪ್ಪ ಒಪ್ಪಲಿಲ್ಲ.

ಆಷಾಢ ಬಂತು. ನಮ್ಮಲ್ಲಿ ಆಷಾಢವೆಂದರೆ ಮಳೆಯಲ್ಲ, ಗಾಳಿ. ಸೈನೈಡ್ ಗುಡ್ಡ ಎದ್ದು ಲೈನಿನ ಮೇಲೆ ನಡೆದು ಹೋಗುತ್ತಿತ್ತು. ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಹಳೇ ಸೀರೆ ತುರುಕಿ, ಅನ್ನದ ಪಾತ್ರೆಗೆ ಎರಡು ತಟ್ಟೆ ಮುಚ್ಚಿಟ್ಟರೂ ಹಲ್ಲಿಗೆ ಸಿಗುತ್ತಿತ್ತು. ಗಾಡಿ ಆ ಗಾಳಿಯಲ್ಲೇ ನಿಂತಿರುತ್ತಿತ್ತು, ಅದನ್ನೇ ಕುಡಿದು ಓಡುತ್ತಿತ್ತು. ಮೊದಲು ಹಿಂದಿನಿಂದ ನೀಲಿ ಹೊಗೆ ಕಾಣಿಸಿತು. ಆಮೇಲೆ ವಾರಕ್ಕೊಂದು ಡಬ್ಬಿ ಎಂಜಿನ್ ಆಯಿಲ್. ಆಮೇಲೆ ಪಾಟೀಲರ ಅಂಗಿಗೆ ಹೊಗೆ ವಾಸನೆ. ಒಂದು ಬೆಳಿಗ್ಗೆ ಅದೇ ಏರಿನಲ್ಲಿ, ಐದು ಜನರನ್ನು ಹೊತ್ತುಕೊಂಡು, ಅದು ನಿಂತೇಬಿಟ್ಟಿತು. ಐವರೂ ಇಳಿದು ಬಸ್ಸಿಗೆ ಕೈ ಅಡ್ಡ ಹಿಡಿದರು. ಪಾಟೀಲರು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಏನೋ ಹೇಳಿದರಂತೆ, ಅಪ್ಪನಿಗೆ ಕೇಳಿಸಲಿಲ್ಲವಂತೆ. ಮಾರನೆಯ ದಿನದಿಂದ ಅವರಿಗೆ ಬೇರೆಯವರ ವ್ಯಾನು ಬರತೊಡಗಿತು.

ದಾಸಣ್ಣ ಎಂಜಿನ್ ಬಿಚ್ಚಿದ ದಿನ ಶಾಲೆಗೆ ರಜೆಯಿತ್ತು, ನಾನೂ ಹೋಗಿದ್ದೆ. ಪಿಸ್ಟನ್ ಓಡಾಡುವ ಉಕ್ಕಿನ ಗೋಡೆಯ ಮೇಲೆ ಅವನು ಬೆರಳಾಡಿಸಿ ನಮ್ಮ ಮುಂದೆ ಹಿಡಿದ. ಎಣ್ಣೆಯಲ್ಲಿ ಕಲಸಿದ ಬೂದು ಪುಡಿ. ಇದು ಉಜ್ಜುವ ಕಲ್ಲಿನ ಹಾಗೆ ಒಳಗೆಲ್ಲ ತಿಂದುಹಾಕಿದೆ, ಪಿಸ್ಟನ್ನಿಗೆ ಹೊಸ ರಿಂಗು ಹಾಕಿ ಪ್ರಯೋಜನವಿಲ್ಲ, ಇದರ ಆಯಸ್ಸು ಮುಗಿಯಿತು ಎಂದ. ಫಿಲ್ಟರ್ ಎಲ್ಲಿ ಎಂದು ಕೇಳಿದ. ಅಪ್ಪ ಮುಂದಿನ ಸೀಟಿನ ಕೆಳಗಿಂದ ತೆಗೆದುಕೊಟ್ಟ. ದಾಸಣ್ಣ ಹೆಬ್ಬೆರಳಲ್ಲಿ ಒಂದು ಮಡಿಕೆಯನ್ನು ಬಿಡಿಸಿದ. ಒಳಗಿನಿಂದ ಗಾರೆಯ ಚೂರೊಂದು ಮುರಿದು ನೆಲಕ್ಕೆ ಬಿತ್ತು.

"ಗೋಡೆ ಕಟ್ಟಿದಂಗೈತಲ್ಲಣ್ಣಾ. ಒಸದು ಒಂದಾಕಿದ್ರೆ ಸಾಕಾಗಿತ್ತು. ಎಡ್ಡೂ ಬೇಕಿರ್ಲಿಲ್ಲ, ಏನೂ ಬೇಕಿರ್ಲಿಲ್ಲ."

ಅಂದರೆ ಮೊದಲ ದಿನ ಸೈರನ್ ತಪ್ಪಿದ್ದೂ ಅದರಿಂದಲೇ. ನಾನು ನೆಲ ನೋಡುತ್ತಿದ್ದೆ. ಸೀಮೆಸುಣ್ಣದ ಸಾಲುಗಳು ಇನ್ನೂ ಅಲ್ಲಿ ಮಸುಕಾಗಿ ಇದ್ದವು, ಮೇಲಿನ ಒಂದು ಇರಲಿಲ್ಲ. ಅಪ್ಪ ನನ್ನ ಕಡೆ ತಿರುಗುತ್ತಾನೆಂದು ಕಾದೆ. ಅವನು ತಿರುಗಲಿಲ್ಲ. ಮಾರಿಕುಪ್ಪಂ ರೈಲಿನಲ್ಲಿ ವಾಪಸು ಬರುವಾಗ ನನಗೆ ಕಡಲೆಕಾಯಿ ಕೊಡಿಸಿದ, ತಾನು ತಿನ್ನಲಿಲ್ಲ. ಗಾಡಿಯನ್ನು ಗುಜರಿಯವರು ಎಳೆದುಕೊಂಡು ಹೋದರು. ಹಿಂದಿನ ಸೀಟು ಮಾತ್ರ ಕೊಡುವುದಿಲ್ಲ ಎಂದು ಅಮ್ಮ ಅಡ್ಡ ನಿಂತಳು, ಅವರು ನಗುತ್ತಾ ಬಿಚ್ಚಿಕೊಟ್ಟರು. ಅಮ್ಮ ಪಕ್ಕದೂರಿನ ತೋಟಗಳಿಗೆ ಟೊಮೆಟೊ ಕೀಳಲು ಹೋಗತೊಡಗಿದಳು. ಅಪ್ಪ ಸೀಟಿನ ಮೇಲೆ ಕೂತವನು ಆರು ವರ್ಷ ಅಲ್ಲೇ ಇದ್ದ.

ಆ ಆರು ವರ್ಷ ಮನೆಯಲ್ಲಿ ನಡೆದದ್ದು ಒಂದೇ ಜಗಳ. ಸೀಟಿನ ಪಕ್ಕದ ಕಿಟಕಿ ಗುಡ್ಡದ ಕಡೆಗಿತ್ತು. ಉಸಿರು ಸಿಗುತ್ತಿಲ್ಲ ಕಿಟಕಿ ತೆಗಿ ಎಂದು ಅಪ್ಪ. ಅದನ್ನು ತೆಗೆದರೆ ಬರುವುದು ಧೂಳೇ, ಮುಚ್ಚು ಎಂದು ಅಮ್ಮ. ಅವಳು ಮುಚ್ಚಿ ಕೆಲಸಕ್ಕೆ ಹೋದರೆ ಅವನಿಗೆ ಎದ್ದು ಚಿಲಕ ತೆಗೆಯುವ ಶಕ್ತಿ ಇರುತ್ತಿರಲಿಲ್ಲ. ಡಾಕ್ಟರೂ ಮುಚ್ಚಿಡಿ ಎಂದೇ ಹೇಳಿದ್ದರು. ನಾನು ಯಾವಾಗಲೂ ಅಮ್ಮನ ಪಕ್ಷ. ಒಂದು ತಪ್ಪು ಮಾಡಿದವಳು ಇನ್ನೊಂದು ಮಾಡಬಾರದಲ್ಲ. ಕಾಲೇಜಿಗೆ ಸೇರಿದ ವರ್ಷ, ಮತ್ತೊಂದು ಆಷಾಢದ ಮಧ್ಯಾಹ್ನ, ಅಮ್ಮ ಮನೆಯಲ್ಲಿಲ್ಲದಾಗ ಅವನಿಗೆ ಗಂಜಿ ಕುಡಿಸುತ್ತಿದ್ದೆ. ಎರಡು ಗುಟುಕಿಗೆ ಸಾಕೆಂದು ಕೈ ಅಡ್ಡ ತಂದ. ಎಲುಬಿನ ಮೇಲೆ ಚರ್ಮ ಇತ್ತು, ಅಷ್ಟೇ. ಇನ್ನು ಹೇಳದಿದ್ದರೆ ಹೇಳಲು ಯಾರೂ ಇರುವುದಿಲ್ಲ ಅನ್ನಿಸಿತು. ಕಲ್ಲಿಗೆ ಕುಟ್ಟುತ್ತಿರಲಿಲ್ಲ ಅಪ್ಪಾ, ನಲ್ಲಿಯಲ್ಲಿ ತೊಳೆಯುತ್ತಿದ್ದೆ ಎಂದೆ. ಯಾವುದನ್ನು ಎಂದು ಅವನು ಕೇಳಲಿಲ್ಲ. ಅವನಿಗೆ ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ನಾಲ್ಕೈದು ಉಸಿರು ಬೇಕಾಗುತ್ತಿತ್ತು.

"ಸೋಪಾಕಿದ್ಯಾ?"

"ಇಲ್ಲಪ್ಪ. ಬರೀ ನೀರು."

"ಬಿಸಿಲಿಗಿಟ್ಯಾ?"

"ಊಂ."

"ಗಟ್ಟಿಯಾಗೋಗ್ತದೆ ಅದು ಬಿಸಿಲಿಗೆ."

ಕ್ಷಮಿಸಿದೆ ಅನ್ನಲಿಲ್ಲ, ಬೈಯಲಿಲ್ಲ. ಕಾಗದದ ಫಿಲ್ಟರಿಗೆ ನೀರು ತೋರಿಸಬಾರದೆಂದು ಬೇರೆ ಯಾರದೋ ಮಗಳಿಗೆ ಹೇಳಿಕೊಡುವವನ ಹಾಗೆ ಹೇಳಿದ. ನಾನು ಅಳುತ್ತಿದ್ದೆ, ಅದನ್ನು ಅವನು ನೋಡಿದನೋ ಇಲ್ಲವೋ. ಎದೆ ಮೇಲೆ ಕೆಳಗೆ ಆಗುತ್ತಿತ್ತು, ಕತ್ತಿನ ನರ ಎದ್ದು ನಿಂತಿತ್ತು. ಹೊರಗೆ ತಗಡಿನ ಮೇಲೆ ಪುಡಿ ಸುರಿಯುವ ಸಣ್ಣ ಸದ್ದು ಒಂದೇ ಸಮನೆ ಬರುತ್ತಿತ್ತು. ಅವನು ಕಣ್ಣಲ್ಲೇ ಕಿಟಕಿ ತೋರಿಸಿದ.

"ತೆಗಿ ಮಗಾ."

ನಾನು ಎದ್ದು ಚಿಲಕ ಸರಿಸಿ ಎರಡೂ ರೆಕ್ಕೆಗಳನ್ನು ಪೂರ್ತಿ ತೆಗೆದೆ.